ಕೊಳ್ಳದ ಅಂಚಿಗೆ ಡಾಂಬರು ರಸ್ತೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಪ್ರವಾಸಿ ತಾಣಗಳ ಬಗ್ಗೆ ನಮ್ಮ ಜಿಲ್ಲೆಯಿಂದ ಬರುವ ಸುದ್ದಿಗಳನ್ನು ನಾನು ತಪ್ಪದೆ ಓದುತ್ತೇನೆ. ಗುಡ್ಡದ ನೆತ್ತಿಯೋ ಜಲಪಾತದ ಎದುರಿನ ಬಂಡೆಯೋ, ಜಾಗ ಯಾವುದೇ ಇರಲಿ, ಬೇಡಿಕೆ ಮಾತ್ರ ಒಂದೇ: ರಸ್ತೆ ಹದಗೆಟ್ಟಿದೆ, ಡಾಂಬರು ಹಾಕಿಸಿ, ರೇಲಿಂಗ್ ಕಟ್ಟಿಸಿ, ವೀಕ್ಷಣಾ ಗೋಪುರ ಮಾಡಿಸಿ. ಈಚೆಗೆ ಈ ಪಟ್ಟಿಗೆ ಗಾಜಿನ ಸೇತುವೆಯೂ ಸೇರಿದೆ. ಬೇಡಿಕೆ ಇಡುವವರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಜನ ಬಂದರೆ ಊರಿಗೆ ನಾಲ್ಕು ಕಾಸು ಬಂದೀತು ಎಂಬ ಆಸೆ ನ್ಯಾಯವಾದದ್ದೇ. ಆದರೆ ಪ್ರಪಾತದ ಅಂಚಿನ ಜಾಗಗಳ ಮಟ್ಟಿಗೆ ಇದು ಸರಿಯಾದ ಕ್ರಮವಲ್ಲ ಎಂದು ನನಗೆ ಖಚಿತವಾಗಿ ಅನಿಸಿದೆ. ಅಂಥ ಜಾಗವನ್ನು ಇಷ್ಟು ವರ್ಷ ಕಾಯ್ದದ್ದು ಅಲ್ಲಿಗೆ ಹೋಗುವ ಕೆಟ್ಟ ರಸ್ತೆಯೇ. ಅದನ್ನು ಹಾಗೇ ಬಿಟ್ಟು, ಹೋಗುವವರ ಸಂಖ್ಯೆಗೆ ಮಿತಿ ಹಾಕಿ, ನಿಯಮಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ಆಯಿತು. ಹೀಗೆ ಮಾಡಿರುವ ಒಂದು ಜಾಗವನ್ನು ಮನೆಮಂದಿಯೆಲ್ಲ ಹೋಗಿ ಕಣ್ಣಾರೆ ನೋಡಿ ಬಂದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಅವಕಾಶ ಕೊಡಿ.

ನಾನು ಯಲ್ಲಾಪುರ ತಾಲ್ಲೂಕಿನವಳು. ಬೇಡ್ತಿ ನದಿ ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕಿ ಕೊಳ್ಳಕ್ಕೆ ಇಳಿಯುತ್ತದಲ್ಲ, ಅದರ ಮೇಲಿನ ಕಡೆಯ ಅಡಿಕೆ ತೋಟದ ಊರು ನಮ್ಮದು. ಜೇನುಕಲ್ಲು ಗುಡ್ಡದಿಂದ ಬೇಡ್ತಿ ಕಾಡಿನೊಳಗೆ ಮರೆಯಾಗುವುದನ್ನು ನೋಡುತ್ತ ಬೆಳೆದವಳು. ಮದುವೆಯಾಗಿ ಬಂದದ್ದು ಅಮೆರಿಕದ ಅರಿಜೋನಾ ರಾಜ್ಯಕ್ಕೆ. ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಮನೆ. ಕೊಲೊರಾಡೊ ನದಿ ಕೊರೆದ ಮಹಾಕೊಳ್ಳ ಗ್ರ್ಯಾಂಡ್ ಕ್ಯಾನ್ಯನ್ ಇರುವುದು ಇದೇ ರಾಜ್ಯದಲ್ಲಿ, ಅದೊಂದು ರಾಷ್ಟ್ರೀಯ ಉದ್ಯಾನ.

ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬಂದೆವು ಎನ್ನುವ ನಮ್ಮವರಲ್ಲಿ ಹೆಚ್ಚಿನವರು ನೋಡಿರುವುದು ಅದರ ದಕ್ಷಿಣದ ಅಂಚನ್ನು. ಈ ಉದ್ಯಾನಕ್ಕೆ ವರ್ಷಕ್ಕೆ 50 ಲಕ್ಷದ ಹತ್ತಿರ ಜನ ಬರುತ್ತಾರೆ, ಬಹುಪಾಲು ಮಂದಿ ದಕ್ಷಿಣಕ್ಕೇ. ಅಲ್ಲಿ ನುಣ್ಣನೆಯ ರಸ್ತೆ, ಹೋಟೆಲು, ಉಚಿತ ಬಸ್ಸು, ರೇಲಿಂಗ್, ಗಾಲಿಕುರ್ಚಿ ಹೋಗುವಂಥ ಕಾಲುದಾರಿ ಎಲ್ಲವೂ ಇದೆ. ಅಪ್ಪಯ್ಯ, ಆಯಿ ಮೊದಲ ಸಲ ಇಲ್ಲಿಗೆ ಬಂದಾಗ ನಾವೂ ಅಲ್ಲಿಗೇ ಕರೆದುಕೊಂಡು ಹೋಗಿದ್ದು. ಆಯಿಗೆ ಮಂಡಿನೋವು, ಆದರೂ ಆರಾಮವಾಗಿ ನೋಡಿದಳು. ಈ ಸಲ ಏಪ್ರಿಲ್‌ನಲ್ಲಿ ಅವರು ಬಂದಾಗ ಹೋಗಿದ್ದು ಟೊರೊವೀಪ್ ಎಂಬ ಜಾಗಕ್ಕೆ. ಅದು ನದಿಯ ಆಚೆ, ಉತ್ತರದ ಅಂಚಿನಲ್ಲಿ, ಪಶ್ಚಿಮದ ಮೂಲೆಗೆ ಇದೆ. ಉದ್ಯಾನ ಅದೇ, ಸರ್ಕಾರವೂ ಅದೇ. ಆದರೆ ಅಲ್ಲಿಗೆ ಡಾಂಬರು ಇಲ್ಲ, ನೀರಿಲ್ಲ, ಅಂಗಡಿಯಿಲ್ಲ, ಪೆಟ್ರೋಲ್ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಹಣ ಸಾಲದೆ ಹಾಗೆ ಬಿಟ್ಟಿದ್ದಲ್ಲ, ಹಾಗೇ ಇರಲಿ ಎಂದು ಯೋಚಿಸಿ ಬಿಟ್ಟಿದ್ದು.

ಹೋಗುವ ಮೊದಲೇ ಪರವಾನಗಿ ಪಡೆಯಬೇಕು. ಡೇರೆ ಹಾಕಿ ತಂಗಲು ಇರುವ ಜಾಗಗಳು ಹತ್ತರ ಆಸುಪಾಸು, ಅಷ್ಟೇ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೂ ಟಿಕೆಟ್ ಮುಂಚಿತವಾಗಿ ತೆಗೆದಿರಬೇಕು, ಸೂರ್ಯ ಮುಳುಗಿ ಅರ್ಧ ಗಂಟೆಗೆ ಗೇಟು ಹಾಕುತ್ತಾರೆ. 22 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವಿಲ್ಲ. ಅಂದರೆ ಬಸ್ಸು, ದೊಡ್ಡ ಕ್ಯಾಂಪರ್ ಗಾಡಿ ಯಾವುದೂ ಬರುವಂತಿಲ್ಲ. ನೆಲಕ್ಕೂ ಗಾಡಿಯ ಹೊಟ್ಟೆಗೂ ಅಂತರ ಹೆಚ್ಚಿರಬೇಕು. ಗಾಡಿ ಕೆಟ್ಟರೆ ಎಳೆಸಿಕೊಂಡು ಬರಲು ಸಾವಿರ ಡಾಲರ್ ಮೇಲೆಯೇ ತಗಲುತ್ತದೆ ಎಂದು ಉದ್ಯಾನದವರು ಮೊದಲೇ ಎಚ್ಚರಿಸುತ್ತಾರೆ. ನನಗೆ ತುಂಬ ಹಿಡಿಸಿದ್ದು ಈ ನೇರ ಮಾತು. ‘ಸುಂದರ ತಾಣಕ್ಕೆ ಸುಸ್ವಾಗತ’ ಎಂಬ ಫಲಕದ ಬದಲು, ಬರುವವರಿಗೆ ಏನೇನು ಕಷ್ಟ ಕಾದಿದೆ ಎಂದು ಬಿಡಿಸಿ ಹೇಳಿದ್ದಾರೆ. ಓದಿದವರಲ್ಲಿ ಅರ್ಧ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಉಳಿದವರು ಸಿದ್ಧರಾಗಿ ಬರುತ್ತಾರೆ.

ಸಿದ್ಧತೆ ನಮ್ಮ ಮನೆಯಲ್ಲಿ ಹಬ್ಬದ ಕೆಲಸದಷ್ಟೇ ನಡೆಯಿತು. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ನೀರಿನ ಕ್ಯಾನು, ಅದರ ಮೇಲೆ ಒಂದು ದಿನದ್ದು ಹೆಚ್ಚುವರಿ. ಅನ್ನದ ಯೋಚನೆಯನ್ನು ಆಯಿ ಮೊದಲೇ ತಳ್ಳಿಹಾಕಿದಳು: “ಅಕ್ಕಿ ತೊಳೆಯೂಲೆ ನೀರು ಸಾಕಾಗ್ತಿಲ್ಲೆ, ಅವಲಕ್ಕಿ ತಗಂಬ.” ಹಾಗಾಗಿ ಅವಲಕ್ಕಿ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಚಪಾತಿ, ಕಿತ್ತಳೆ ಹಣ್ಣು. ಅಲ್ಲಿ ಸೌದೆ ಒಲೆಯಾಗಲಿ ಇದ್ದಿಲಾಗಲಿ ಹಚ್ಚುವಂತಿಲ್ಲ, ಅದಕ್ಕೆ ಪುಟ್ಟ ಗ್ಯಾಸ್ ಒಲೆ. ಉತ್ತರದ ಅಂಚಿನವರಿಗೆ ಬೆಂಕಿ ಎಂದರೆ ಏನೆಂದು ಚೆನ್ನಾಗಿ ಗೊತ್ತು. 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹೆಸರಾಂತ ಹಳೆಯ ಲಾಡ್ಜೇ ಸುಟ್ಟು ಬೂದಿಯಾಯಿತು. ಯಜಮಾನರು ಗಾಡಿಗೆ ಎರಡು ಸ್ಟೆಪ್ನಿ, ಪಂಕ್ಚರ್ ಹಾಕುವ ಸಾಮಾನು, ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಜೋಡಿಸಿಕೊಂಡರು. ಫೋನ್ ನಡೆಯದ ಕಡೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಒಂದು ಪುಟ್ಟ ಸಾಧನವೂ ಜೊತೆಗಿತ್ತು. ಯಾವ ದಾರಿ, ಯಾವತ್ತು ವಾಪಸು ಎಂದು ಪಕ್ಕದ ಮನೆಯವರಿಗೆ ಬರೆದು ಕೊಟ್ಟು ಹೊರಟೆವು.

ಫ್ರೆಡೋನಿಯಾ ಎಂಬ ಸಣ್ಣ ಊರಲ್ಲಿ ಟ್ಯಾಂಕು ತುಂಬಿಸಿಕೊಂಡು ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಎಡಕ್ಕೆ ಮಣ್ಣಿನ ರಸ್ತೆ ಸಿಗುತ್ತದೆ. ಅಲ್ಲಿಂದ ಟೊರೊವೀಪ್‌ಗೆ 61 ಮೈಲಿ, ಅಂದರೆ ಸುಮಾರು 98 ಕಿಲೊಮೀಟರ್. ನಡುವೆ ಒಂದು ಊರೂ ಇಲ್ಲ. ಮಣ್ಣಿನ ರಸ್ತೆ ಶುರುವಾದ ಕಡೆ ಗಾಡಿ ನಿಲ್ಲಿಸಿ ನಾಲ್ಕೂ ಟೈರಿನ ಗಾಳಿ ಇಳಿಸಿದರು. ಟೈರು ಮೆತ್ತಗಾದರೆ ಕಲ್ಲಿನ ಏಟು ತಾಳಿಕೊಳ್ಳುತ್ತದೆ, ಹಿಡಿತವೂ ಹೆಚ್ಚು. ಅಪ್ಪಯ್ಯ ಗಾಳಿ ಅಳೆಯುವ ಮೀಟರನ್ನು ಕೈಯಲ್ಲಿ ಹಿಡಿದು ಒಂದೊಂದು ಟೈರಿಗೂ ಬಗ್ಗಿ ನೋಡಿದರು. ಮಳೆ ಬಂದರೆ ಈ ರಸ್ತೆಯ ಜೇಡಿಮಣ್ಣು ಗಾಡಿಯನ್ನು ಕದಲಲು ಬಿಡುವುದಿಲ್ಲ. ಅವತ್ತು ಬರೀ ಧೂಳು. ಮೈಲಿಗಟ್ಟಲೆ ಅಡ್ಡ ಗೀರುಗಳ ಮೇಲೆ ಗಾಡಿ ಗಡಗಡ ಕುಣಿಯುತ್ತಿತ್ತು. ಎರಡೂ ಬದಿಗೆ ಬೂದು ಬಣ್ಣದ ಮೋಟು ಗಿಡ, ದೂರದಲ್ಲಿ ಹಳೆಯ ಜ್ವಾಲಾಮುಖಿಗಳ ಕಪ್ಪು ಗುಡ್ಡ.

ಉದ್ಯಾನದ ಗಡಿಗೆ ಸ್ವಲ್ಪ ಮೊದಲು ಹಿಂದಿನ ಟೈರು ಕೂತಿತು. ಚೂಪಾದ ಕಲ್ಲೊಂದು ಪಕ್ಕೆಯಲ್ಲೇ ಸೀಳಿತ್ತು. ಪಕ್ಕೆ ಸೀಳಿದರೆ ಪಂಕ್ಚರ್ ಹಾಕಿ ಉಪಯೋಗವಿಲ್ಲ. ಮಗ ಜಾಕಿ ಇಡಲು ಚಪ್ಪಟೆ ಕಲ್ಲು ಹುಡುಕಿ ತಂದ, ಅವನಪ್ಪ ನಟ್ಟು ಬಿಚ್ಚಿದರು, ಬಿಚ್ಚಿದ ನಟ್ಟುಗಳನ್ನು ಮಗಳು ತನ್ನ ಟೊಪ್ಪಿಯೊಳಗೆ ಎಣಿಸಿ ಇಟ್ಟುಕೊಂಡಳು. ಅಷ್ಟರಲ್ಲಿ ಎದುರಿಂದ ದನ ಸಾಕುವವರ ಹಳೆಯ ಪಿಕಪ್ ಒಂದು ಬಂತು. ಆ ಮನುಷ್ಯ ಏನೂ ಕೇಳದೆ ಗಾಡಿ ಬದಿಗೆ ಹಾಕಿ, ಕೊನೆಯ ನಟ್ಟು ಬಿಗಿಯಾಗುವ ತನಕ ಕಾದು, ಕೈ ಎತ್ತಿ ಹೋದರು. ಘಟ್ಟದಲ್ಲಿ ಲಾರಿ ಕೆಟ್ಟರೆ ಹಿಂದಿನ ಲಾರಿಯವರು ನಿಂತು ಹೋಗುವ ರೂಢಿ ನಮ್ಮ ಕಡೆಯೂ ಇದೆ ಎಂದು ಅಪ್ಪಯ್ಯ ಬಹಳ ಹೊತ್ತು ಅದನ್ನೇ ಹೇಳುತ್ತಿದ್ದರು.

ಅಲ್ಲಿಯೇ ಪಕ್ಕದಲ್ಲಿ ಉದ್ಯಾನದ ಕಾವಲು ಠಾಣೆ ಇದೆ. ಜಾನ್ ರಿಫಿ ಎಂಬ ರೇಂಜರ್ 1942ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು, ಸಮಾಧಿಯೂ ಅಲ್ಲೇ. ಒಬ್ಬ ನೌಕರ ಒಂದೇ ಠಾಣೆಯಲ್ಲಿ 38 ವರ್ಷ! ವರ್ಗಾವಣೆಯ ಪಟ್ಟಿ ಬಂದ ಕೂಡಲೇ ವಲಯ ಅರಣ್ಯಾಧಿಕಾರಿಗಳು ಬದಲಾಗುವುದನ್ನು ನೋಡಿದ ನಮಗೆ ಇದು ನಂಬಲು ಕಷ್ಟ. ಜಾಗವನ್ನು ಕಾಯುವವನಿಗೆ ಆ ಜಾಗ ಗೊತ್ತಿರಬೇಕು, ಯಾವ ಹಳ್ಳ ಯಾವಾಗ ತುಂಬುತ್ತದೆ, ಯಾವ ಬಂಡೆ ಸಡಿಲ ಎಂದು ತಿಳಿದಿರಬೇಕು. ನಮ್ಮ ಗಾರ್ಡುಗಳಲ್ಲೂ, ವಾಚರುಗಳಲ್ಲೂ ಅಂಥವರಿದ್ದಾರೆ. ಅವರ ತಿಳಿವಳಿಕೆಗೆ ಬೆಲೆ ಕೊಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲ.

ಕೊನೆಯ ಕೆಲವು ಮೈಲಿ ಬಂಡೆಯ ಮೇಲೇ ದಾರಿ. ಗಾಡಿ ಒಂದೊಂದು ಮೆಟ್ಟಿಲಿಗೂ ನಿಂತು, ಯೋಚಿಸಿ, ಇಳಿಯಬೇಕು. ಮಕ್ಕಳು ಮುಂದೆ ನಡೆದು ಎಡಕ್ಕೆ, ಬಲಕ್ಕೆ ಎಂದು ಕೈ ತೋರಿಸಿದರು. ದಾರಿ ಮುಗಿಯುವಲ್ಲಿ ಕೆಂಪು ಹಾಸುಗಲ್ಲಿನ ಬಯಲು, ಅದರ ಮೇಲೆ ನಮ್ಮ ಬಿಡಾರದ ಜಾಗ. ಅಲ್ಲಿಂದ ನಡೆದು ಹೋದರೆ ನೆಲ ಮುಗಿಯುತ್ತದೆ.

ಮುಗಿಯುತ್ತದೆ ಎಂದರೆ ಹಾಗೇ ಮುಗಿಯುತ್ತದೆ. ಇಳಿಜಾರಿಲ್ಲ, ಪೊದೆಯಿಲ್ಲ. ಹಾಸುಗಲ್ಲಿನ ಚೌಕ ಅಂಚು, ಅದರ ಕೆಳಗೆ ಸುಮಾರು 900 ಮೀಟರ್ ಆಳದಲ್ಲಿ ಕೊಲೊರಾಡೊ ನದಿ. ನಮ್ಮ ಮಾಗೋಡಿನ ಎತ್ತರದ ನಾಲ್ಕೂವರೆ ಪಟ್ಟು. ಕ್ಯಾನ್ಯನ್ ಉಳಿದ ಕಡೆ 29 ಕಿಲೊಮೀಟರ್‌ವರೆಗೂ ಅಗಲವಿದೆ, ಇಲ್ಲಿ ಎದುರಿನ ಗೋಡೆಗೆ ಒಂದು ಮೈಲಿಯೂ ಇಲ್ಲ. ಹಾಗಾಗಿ ಆಳ ಕಣ್ಣಿಗೆ ನೇರವಾಗಿ ಬಡಿಯುತ್ತದೆ. ಅಪ್ಪಯ್ಯ ನಿಂತು ಆಚೆ ಈಚೆ ನೋಡಿ ಹೇಳಿದ ಮೊದಲ ಮಾತು: “ತಂಗೀ, ಇಲ್ಲಿ ಒಂದು ತಂತಿನೂ ಕಟ್ಟಿದ್ವಿಲ್ಲೆ ಅಲ್ದನೇ?” ಇಲ್ಲ ಎಂದೆ. ಅವರು ಮೊಮ್ಮಕ್ಕಳ ಕೈ ಹಿಡಿದು ಅಂಚಿನಿಂದ ಒಂದು ಆಳು ದೂರದಲ್ಲಿ ಕೂರಿಸಿ, ಆಮೇಲೆ ಹೊಟ್ಟೆಯ ಮೇಲೆ ಮಲಗಿಸಿ, ತೆವಳಿಕೊಂಡು ಮುಂದೆ ಬಿಟ್ಟು, ತಾವು ಅವರ ಕಾಲು ಹಿಡಿದುಕೊಂಡರು. ಜೇನುಕಲ್ಲು ಗುಡ್ಡದಲ್ಲಿ ನನಗೆ ಕಲಿಸಿದ್ದೂ ಹೀಗೆಯೇ. ನಾನೂ ಮಲಗಿ ನೋಡಿದೆ. ಕೆಳಗಿನಿಂದ ಗಾಳಿ ಮುಖಕ್ಕೆ ಬರುತ್ತದೆ. ನೀರು ಹಸಿರು ಬಣ್ಣಕ್ಕಿತ್ತು. ಮೇಲೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಮಣ್ಣನ್ನೆಲ್ಲ ತಡೆದುಕೊಳ್ಳುವುದರಿಂದ ಆ ಬಣ್ಣ. ಸ್ವಲ್ಪ ಕೆಳಗೆ ಲಾವಾ ಫಾಲ್ಸ್ ಎಂಬ ಸೆಳವು ಬಿಳಿ ಗೆರೆಯಾಗಿ ಕಾಣುತ್ತದೆ. ಉಸಿರು ಬಿಗಿಹಿಡಿದು ಕೇಳಿದರೆ ಅದರ ಭೋರ್ಗರೆತವೂ ತೆಳ್ಳಗೆ ಮೇಲಕ್ಕೆ ಬರುತ್ತದೆ. ಒಂದು ಕಾಲದಲ್ಲಿ ಜ್ವಾಲಾಮುಖಿಯ ಕರಗಿದ ಕಲ್ಲು ಇದೇ ಅಂಚಿನಿಂದ ಕೆಳಗೆ ಸುರಿದು ನದಿಗೇ ಅಡ್ಡಗಟ್ಟೆ ಹಾಕಿತ್ತಂತೆ. ಅದರ ಕಪ್ಪು ಕಲೆ ಗೋಡೆಯ ಮೇಲೆ ಈಗಲೂ ಇಳಿಬಿದ್ದಿದೆ.

ಬೇಲಿ ಇಲ್ಲದ ಅಂಚಿನಲ್ಲಿ ಮನುಷ್ಯ ತಾನಾಗಿ ಹಿಂದೆ ಸರಿದು ನಿಲ್ಲುತ್ತಾನೆ. ಅವತ್ತು ಅಲ್ಲಿದ್ದ ಬೇರೆ ಎರಡು ಸಂಸಾರದವರೂ ಹಾಗೇ ನಿಂತಿದ್ದರು, ಮಾತು ಕೂಡ ತಗ್ಗಿತ್ತು. ನಮ್ಮ ಕಡೆ ರೇಲಿಂಗ್ ಇರುವಲ್ಲೇ ಹುಡುಗರು ಅದರ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು. ಬೇಲಿ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಸಾವಿರಾರು ಜನ ಸೇರುವ ಕಡೆ ಅದು ಬೇಕೇ ಬೇಕು. ಆದರೆ ಸಾವಿರಾರು ಜನರನ್ನು ಅಂಚಿಗೆ ತಂದು ಸೇರಿಸಬೇಕೇ ಎಂಬ ಪ್ರಶ್ನೆಯನ್ನು ಯಾರೂ ಮೊದಲು ಕೇಳುತ್ತಿಲ್ಲ. ರಸ್ತೆ ಮಾಡುತ್ತೇವೆ, ಜನ ತುಂಬುತ್ತಾರೆ, ಅಪಾಯವಾಗುತ್ತದೆ, ಆಮೇಲೆ ಕಾಂಕ್ರೀಟು ಸುರಿದು ಬೇಲಿ ಹಾಕುತ್ತೇವೆ. ಅಷ್ಟರಲ್ಲಿ ನೋಡಲು ಬಂದ ಜಾಗ ಉಳಿದಿರುವುದಿಲ್ಲ.

ಅಲ್ಲಿನ ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಬಂಡೆಯ ನಡುವಿನ ಮರಳುಮಣ್ಣಿನ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಹಕ್ಕಳೆ ಕಟ್ಟಿರುತ್ತದೆ. ನೋಡಿದರೆ ಒಣಗಿದ ಕೊಳೆ ಅನಿಸುತ್ತದೆ. ಅದು ಜೀವಂತ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮಣ್ಣನ್ನು ಹೆಣೆದು ಹಿಡಿದಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ, ಬಿದ್ದ ಹನಿ ಜಾರದಂತೆ ನೋಡಿಕೊಳ್ಳುವುದು ಅದೇ. ಒಂದು ಸಲ ಮೆಟ್ಟಿದರೆ ಮತ್ತೆ ಕಟ್ಟಿಕೊಳ್ಳಲು ಎಷ್ಟೋ ವರ್ಷ, ಕೆಲವು ಕಡೆ ದಶಕಗಳೇ ಬೇಕು. ಗಾಡಿ ದಾರಿ ಬಿಟ್ಟು ಒಂದಡಿ ಇಳಿಯಬಾರದು ಎಂಬ ನಿಯಮದ ಹಿಂದೆ ಈ ಹಕ್ಕಳೆ ಇದೆ. ಮಗಳು ಅದರ ಪಕ್ಕ ಮಂಡಿಯೂರಿ ಕೂತು, ಬಾಟಲಿಯ ಮುಚ್ಚಳದಿಂದ ಎರಡು ಹನಿ ನೀರು ಬಿಟ್ಟಳು. ನೋಡುನೋಡುತ್ತ ಕಪ್ಪು ಪಾಚಿಯ ಎಲೆಗಳು ಬಿಚ್ಚಿ ಹಸಿರಾದವು. ಅವಳಿಗೆ ಆಮೇಲೆ ‘ಅಲ್ಲಿ ಕಾಲಿಡಬೇಡ’ ಎಂದು ಯಾರೂ ಹೇಳಬೇಕಾಗಲಿಲ್ಲ. ಅವಳೇ ಅಜ್ಜನಿಗೆ ದಾರಿ ತೋರಿಸುತ್ತಿದ್ದಳು.

ಕಿತ್ತಳೆ ಸಿಪ್ಪೆಯನ್ನೂ ಚೀಲದಲ್ಲಿ ಕಟ್ಟಿ ವಾಪಸು ತಂದೆವು. ಆಯಿಗೆ ಮೊದಲು ಇದು ಅತಿಯಾಯಿತು ಅನಿಸಿತ್ತು, ತೋಟದಲ್ಲಿ ಎಸೆದ ಸಿಪ್ಪೆ ಒಂದು ಮಳೆಗೆ ಗೊಬ್ಬರವಾಗುತ್ತದಲ್ಲ. ಇಲ್ಲಿನ ಒಣ ಹವೆಯಲ್ಲಿ ಸಿಪ್ಪೆ ಕೊಳೆಯುವುದೇ ಇಲ್ಲ, ಚರ್ಮದ ಹಾಗೆ ಒಣಗಿ ಬಿದ್ದಿರುತ್ತದೆ ಎಂದಮೇಲೆ ಒಪ್ಪಿದಳು. ರಾತ್ರಿಯ ಆಕಾಶದ ಬಗ್ಗೆ ಬರೆಯಹೊರಟರೆ ಪತ್ರ ಮುಗಿಯುವುದಿಲ್ಲ. ಈ ಉದ್ಯಾನಕ್ಕೆ 2019ರಲ್ಲಿ ಕತ್ತಲೆ ಆಕಾಶದ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ ಎಂದಷ್ಟೇ ಹೇಳುತ್ತೇನೆ. ವಿದ್ಯುತ್ ಕಂಬ ಇಲ್ಲದಿರುವುದನ್ನೂ ಒಂದು ಆಸ್ತಿ ಎಂದು ಲೆಕ್ಕ ಹಿಡಿಯುವ ದೇಶಗಳಿವೆ.

ಎದುರಿನ ಗೋಡೆಯ ಮೇಲಿನ ನೆಲ ಹುವಾಲಪಾಯ್ ಬುಡಕಟ್ಟಿನವರದು. ಅವರು ತಮ್ಮ ಜಮೀನಿನಲ್ಲಿ, ಇಲ್ಲಿಂದ ಪಶ್ಚಿಮಕ್ಕೆ, 2007ರಲ್ಲಿ ಗಾಜಿನ ನೆಲದ ಸ್ಕೈವಾಕ್ ತೆರೆದಿದ್ದಾರೆ. ನಮ್ಮಲ್ಲಿ ಗಾಜಿನ ಸೇತುವೆ ಕೇಳುವವರು ಅದನ್ನೇ ಉದಾಹರಣೆ ಕೊಡುತ್ತಾರೆ. ಅದು ಅವರ ನೆಲ, ಅವರ ಜೀವನೋಪಾಯ, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ನಾಲ್ಕುನೂರ ನಲವತ್ತಾರು ಕಿಲೊಮೀಟರ್ ಉದ್ದದ ಕ್ಯಾನ್ಯನ್‌ನಲ್ಲಿ ಅಂಥದ್ದು ಒಂದೇ ಇದೆ ಎಂಬುದನ್ನು ನಮ್ಮವರು ಗಮನಿಸಬೇಕು. ಒಂದು ಕಡೆ ಗಾಜು, ಒಂದು ಕಡೆ ಬಸ್ಸು ಹೋಟೆಲು, ಉಳಿದ ಕಡೆ ಮಣ್ಣಿನ ದಾರಿ, ಇಲ್ಲವೇ ದಾರಿಯೇ ಇಲ್ಲ. ನಾನು ನಮ್ಮ ಸರ್ಕಾರದಿಂದ ಕೇಳುವುದು ಈ ಹಂಚಿಕೆಯನ್ನು. ಜೋಗದಲ್ಲಿ ಎಲ್ಲ ಸೌಕರ್ಯ ಇರಲಿ. ವಯಸ್ಸಾದವರು, ನಡೆಯಲಾಗದವರು, ಎಳೆಮಕ್ಕಳ ತಾಯಂದಿರು ಒಂದು ದೊಡ್ಡ ಪ್ರಪಾತವನ್ನು ಸುಖವಾಗಿ ಕೂತು ನೋಡಲಿ, ಅದು ಅವರ ಹಕ್ಕು. ಹಾಗೆಂದು ಜೇನುಕಲ್ಲು ಗುಡ್ಡವನ್ನೂ, ರಾಣಿ ಝರಿಯನ್ನೂ, ಕೊಡಚಾದ್ರಿಯ ನೆತ್ತಿಯನ್ನೂ ಜೋಗದಂತೆಯೇ ಮಾಡಬೇಕಾಗಿಲ್ಲ.

ಬೇಡ್ತಿಯವಳಾಗಿ ಇನ್ನೊಂದು ಸಂಗತಿಯನ್ನು ನೆನೆಯದೆ ಇರಲಾರೆ. 1960ರ ದಶಕದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಪ್ರದೇಶದಲ್ಲಿ ಕೊಲೊರಾಡೊಗೆ ಇನ್ನೂ ಎರಡು ಅಣೆಕಟ್ಟು ಕಟ್ಟುವ ಯೋಜನೆ ಇತ್ತು. ಅದರಲ್ಲಿ ಬ್ರಿಜ್ ಕ್ಯಾನ್ಯನ್ ಅಣೆಕಟ್ಟು ಎದ್ದಿದ್ದರೆ ಹಿನ್ನೀರು 150 ಕಿಲೊಮೀಟರ್ ಹಿಂದಕ್ಕೆ ಸರಿದು, ನಾವು ಮೇಲಿಂದ ಕೇಳಿಸಿಕೊಂಡ ಲಾವಾ ಫಾಲ್ಸ್ ಮುಳುಗಿ ಹೋಗುತ್ತಿತ್ತು. ಜನ ಎದ್ದು ನಿಂತರು. 1968ರ ಕಾನೂನಿನಲ್ಲಿ ಆ ಎರಡೂ ಅಣೆಕಟ್ಟುಗಳನ್ನು ಕೈಬಿಡಲಾಯಿತು. ನಮ್ಮ ಬೇಡ್ತಿಗೂ ಜಲವಿದ್ಯುತ್ ಯೋಜನೆ ಬಂದಿತ್ತು. ಶಿರಸಿ, ಯಲ್ಲಾಪುರದ ರೈತರು ವಿಜ್ಞಾನಿಗಳನ್ನು ಕೂರಿಸಿಕೊಂಡು ಲೆಕ್ಕ ಹಾಕಿ ವಾದಿಸಿದರು, ಯೋಜನೆ ನಿಂತಿತು. ಆ ಸಭೆಗಳಿಗೆ ಹೋದವರಲ್ಲಿ ಅಪ್ಪಯ್ಯನೂ ಒಬ್ಬರು. ಈಗ ಬೇಡ್ತಿ–ವರದಾ ನದಿ ಜೋಡಣೆಯ ಮಾತು ನಡೆಯುತ್ತಿದೆ, ಜನ ಮತ್ತೆ ಬೀದಿಗೆ ಬಂದಿದ್ದಾರೆ. ಹೀಗೆ ಹೋರಾಡಿ ಉಳಿಸಿಕೊಂಡ ಕೊಳ್ಳವನ್ನು ವಾರಾಂತ್ಯದ ಪಾರ್ಕಿಂಗ್ ಜಾಗ ಮಾಡಲು ಬಿಡುವುದು ಯಾವ ನ್ಯಾಯ?

ಮಲೆನಾಡಿನಲ್ಲಿ ನಡೆಯುತ್ತಿರುವ ಆಫ್‌ರೋಡ್ ಓಟದ ಬಗ್ಗೆಯೂ ಹೇಳಬೇಕು. ಹೊರಗಿನಿಂದ ಸಾಲು ಸಾಲು ಗಾಡಿ ಬಂದು ಹಳ್ಳದೊಳಗೆ, ಗುಡ್ಡದ ಹುಲ್ಲುಗಾವಲಿನ ಮೇಲೆ ಚಕ್ರ ತಿರುಗಿಸಿ ವಿಡಿಯೊ ಮಾಡಿಕೊಂಡು ಹೋಗುತ್ತವೆ. ಗುಡ್ಡದ ಹುಲ್ಲಿನ ಬೇರೇ ಅಲ್ಲಿನ ಮಣ್ಣಿಗೆ ಆಧಾರ. ಚಕ್ರ ಅದನ್ನು ಕಿತ್ತು ಎರಡು ಗೀರು ಹಾಕಿದರೆ ಜೂನ್‌ನ ಮೊದಲ ಜಡಿಮಳೆಗೆ ನೀರು ಆ ಗೀರನ್ನೇ ಹಿಡಿದು ಇಳಿಯುತ್ತದೆ, ಮರುವರ್ಷ ಅದು ಮೊಣಕಾಲುದ್ದದ ಕೊರಕಲು, ಇನ್ನೆರಡು ವರ್ಷಕ್ಕೆ ಆಳೆತ್ತರದ್ದು. ಆ ಮಣ್ಣೆಲ್ಲ ಹೋಗಿ ಕೂರುವುದು ಕೆಳಗಿನವರ ಗದ್ದೆ, ತೋಟದ ಕಾದಿಗೆಯಲ್ಲಿ. ಅರಿಜೋನಾದಲ್ಲಿ ನಾವು ಹೋದದ್ದೂ ಆಫ್‌ರೋಡ್ ಗಾಡಿಯಲ್ಲೇ, ಆದರೆ ದಾರಿ ಬಿಟ್ಟು ಒಂದು ಗಜವೂ ಹೋಗಲಿಲ್ಲ. ಆ ಗಾಡಿ ಬೇಕಾಗುವುದು ಕೆಟ್ಟ ದಾರಿಯನ್ನು ದಾಟಲು. ದಾರಿಯಿಲ್ಲದ ಕಡೆ ದಾರಿ ಮಾಡಿಕೊಳ್ಳಲು ಅದನ್ನು ಬಳಸುವವರನ್ನು ತಡೆಯಬೇಕು, ದಂಡ ಹಾಕಬೇಕು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತು. ಡಾಂಬರು ರಸ್ತೆಯಲ್ಲಿ ಓಡಾಡುವ ನೀನು ನಮಗೆ ಮಣ್ಣಿನ ರಸ್ತೆ ಇರಲಿ ಎನ್ನುತ್ತೀಯಾ ಎಂದು ಊರಿನವರೇ ಕೇಳಿಯಾರು. ಕೇಳಬೇಕಾದ ಮಾತೇ. ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ತರುವ ಕೇರಿಗಳು ನಮ್ಮ ತಾಲ್ಲೂಕಿನಲ್ಲಿ ಇವೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಅವರ ಮನೆಯವರೆಗೆ ರಸ್ತೆ ಆಗಲೇಬೇಕು, ಇವತ್ತೇ ಆಗಬೇಕು, ಸಂಕದ ಜಾಗದಲ್ಲಿ ಸೇತುವೆ ಬರಬೇಕು. ನಾನು ಹೇಳುತ್ತಿರುವುದು ಕೊನೆಯ ಮನೆ ದಾಟಿದ ಮೇಲಿನ ಎರಡು ಮೂರು ಕಿಲೊಮೀಟರ್ ಬಗ್ಗೆ. ಎಷ್ಟೋ ಕಡೆ ಕೇರಿಯ ರಸ್ತೆಗೆ ಸಿಗದ ಹಣ ವ್ಯೂ ಪಾಯಿಂಟಿನ ರಸ್ತೆಗೆ ಸಿಗುತ್ತಿದೆ. ನನಗೆ ನೋವಾಗುವುದು ಅಲ್ಲಿ.

ಊರಿನವರ ದುಡಿಮೆಯ ಪ್ರಶ್ನೆಯೂ ಇದೆ. ಕೊಡಚಾದ್ರಿಗೂ ಕೊಡಗಿನ ಮಾಂದಲಪಟ್ಟಿಗೂ ಸ್ಥಳೀಯ ಜೀಪುಗಳು ಜನರನ್ನು ಕರೆದೊಯ್ಯುತ್ತವೆ. ದಾರಿ ಕೆಟ್ಟದಾಗಿರುವುದರಿಂದಲೇ ಆ ಚಾಲಕರಿಗೆ ಕೆಲಸವಿದೆ. ಡಾಂಬರು ಬಿದ್ದ ದಿನ ಬೆಂಗಳೂರಿನ ಕಾರು ನೇರವಾಗಿ ನೆತ್ತಿಗೆ ಹೋಗುತ್ತದೆ, ಜೀಪಿನವರ ಬಾಡಿಗೆ ಹೋಗುತ್ತದೆ, ಕೆಳಗಿನ ಚಹಾದಂಗಡಿಯ ಎದುರು ಯಾರೂ ಇಳಿಯುವುದಿಲ್ಲ. ಜೀಪುಗಳ ಸಂಖ್ಯೆ ನಿಗದಿ ಮಾಡಿ, ಸರದಿ ಹಚ್ಚಿ, ಊರಿನ ಗಾಡಿಗೆ ಮಾತ್ರ ಮೇಲೆ ಹೋಗಲು ಬಿಟ್ಟರೆ ಹಣ ಊರಲ್ಲೇ ನಿಲ್ಲುತ್ತದೆ. ವೇಗಕ್ಕೆ, ಹಿಡಿಸುವ ತಲೆಗಳಿಗೆ ಕಟ್ಟುನಿಟ್ಟಿನ ನಿಯಮವೂ ಅದರ ಜೊತೆಗೇ ಬೇಕು.

ಸಂಖ್ಯೆಗೆ ಮಿತಿ ಹಾಕುವುದು ನಮ್ಮಲ್ಲಿ ಆಗದ ಕೆಲಸ ಎನ್ನುವವರಿಗೆ ಕುಮಾರ ಪರ್ವತವನ್ನು ತೋರಿಸುತ್ತೇನೆ. 2024ರ ಜನವರಿಯ ಕೊನೆಯ ವಾರಾಂತ್ಯದಲ್ಲಿ ಅಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿದ ಚಿತ್ರ ಎಲ್ಲರೂ ನೋಡಿದ್ದೇವೆ. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು, ದಿನಕ್ಕಿಷ್ಟೇ ಜನ ಎಂಬ ಕ್ರಮ ಬಂತು. ಮನಸ್ಸು ಮಾಡಿದರೆ ಆಗುತ್ತದೆ. ಆ ಕ್ರಮವನ್ನು ಗಾಡಿ ಹೋಗುವ ಪ್ರಪಾತದ ಅಂಚುಗಳಿಗೂ ವಿಸ್ತರಿಸಲಿ. ಟಿಕೆಟಿನ ಜೊತೆ ಅಲ್ಲಿ ಏನಿಲ್ಲ ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು ಕೊಡಲಿ: ನೀರಿಲ್ಲ, ಅಂಗಡಿಯಿಲ್ಲ, ಸಿಗ್ನಲ್ ಇಲ್ಲ, ಬೇಲಿಯಿಲ್ಲ, ತಂದ ಕಸ ವಾಪಸು ಒಯ್ಯಬೇಕು. ಒಂದು ಶುಚಿಯಾದ ಶೌಚಾಲಯ ಮಾತ್ರ ಇರಲಿ. ಟೊರೊವೀಪ್‌ನಲ್ಲಿ ಇದ್ದ ಸೌಕರ್ಯ ಎಂದರೆ ಅದೊಂದೇ, ನೀರು ಬೇಡದ ಗೊಬ್ಬರದ ಶೌಚಾಲಯ, ಅದನ್ನು ಅಚ್ಚುಕಟ್ಟಾಗಿ ಇಟ್ಟಿದ್ದರು. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಅಪ್ಪಯ್ಯ, ಆಯಿ ಈಗ ಊರಿಗೆ ಮರಳಿದ್ದಾರೆ. ಅಪ್ಪಯ್ಯ ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆದಿದ್ದಾರೆ, ನಮ್ಮ ಗುಡ್ಡದ ತುದಿಗೆ ಹೋಗುವ ದಾರಿಯನ್ನು ಈಗಿರುವಂತೆ ಬಿಡಬೇಕು, ಶನಿವಾರ ಭಾನುವಾರ ಗಾಡಿಗಳನ್ನು ಕೊನೆಯ ಮನೆಯ ಹತ್ತಿರವೇ ನಿಲ್ಲಿಸಬೇಕು ಎಂದು. ಊರಿನ ಹಲವರು ಸಹಿ ಮಾಡಿದ್ದಾರೆ, ಕೆಲವರು ಮಾಡಿಲ್ಲ. ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಯವರು ಮುಂದಿನ ಗ್ರಾಮಸಭೆಗೆ ಬಂದು ಎರಡೂ ಕಡೆಯ ಮಾತು ಕೇಳಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಹೊಸ ರಸ್ತೆಯ ಅಂದಾಜುಪಟ್ಟಿ ತಯಾರಿಸುವ ಮೊದಲು, ಆ ಬಂಡೆಯ ಮೇಲೆ ಒಂದು ಹೊತ್ತಿಗೆ ಎಷ್ಟು ಜನ ನಿಲ್ಲಬಹುದು ಎಂಬ ಲೆಕ್ಕವನ್ನು ಅವರು ತರಲಿ.

ತಮ್ಮ ವಿಶ್ವಾಸಿ,
ಯಲ್ಲಾಪುರ ತಾಲ್ಲೂಕಿನ ಓದುಗಿ
ಸದ್ಯ: ಚಾಂಡ್ಲರ್, ಅರಿಜೋನಾ